ಬಸ್ ಅಂದ್ರೆ ಸಾಕು, ಬಸ್ ಅಂದ್ರೆ ಗಾಡಿ: ಎರಡೂ ಒಂದೇನಾ?

ಪ್ರಶ್ನೆ: ನಮ್ಮದು ಸಿಂಧನೂರು. ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟುಕೊಂಡಿದ್ದೇನೆ. ಮೊನ್ನೆ ಮನೆಯಲ್ಲಿ ಒಂದು ವಾದ ಎದ್ದಿತು. ಗಾಡಿ ತುಂಬಿದಾಗ ಕಂಡಕ್ಟರ್ "ಬಸ್, ಬಸ್" ಅಂತ ಬಾಗಿಲು ಬಡಿಯುತ್ತಾನಲ್ಲ, ಅದರಿಂದಲೇ ಗಾಡಿಗೆ ಬಸ್ ಅನ್ನೋ ಹೆಸರು ಬಂತು ಅಂತ ನಾನು. ನಮ್ಮ ಮಾವನವರು ಮಾಸ್ತರಾಗಿದ್ದವರು. ಅವರ ಪ್ರಕಾರ ಮೊದಲು ಗಾಡಿ ಎಳೆಯುತ್ತಿದ್ದದ್ದು ಎತ್ತು, ಎತ್ತು ಅಂದ್ರೆ ಬಸವ, ಬಸವನಿಂದ ಬಸ್. ಮಗ ಶಕ್ತಿನಗರದಲ್ಲಿ ಕರೆಂಟಿನ ಕೆಲಸಕ್ಕೆ ಹೋಗುತ್ತಾನೆ. "ನಮ್ಮ ಕಡೆ ಬಸ್‌ಬಾರ್ ಅಂತ ಐತಿ, ಆ ಬಸ್ಸೂ ಈ ಬಸ್ಸೂ ಒಂದೇ" ಅಂದ. ನಾವಿಬ್ಬರೂ ನಕ್ಕುಬಿಟ್ಟೆವು. ಒಂದು ಪ್ಲೇಟ್ ಮಿರ್ಚಿ ಪಂದ್ಯ ಇದೆ. ಯಾರದು ಸರಿ?

ಉತ್ತರ: ಮಿರ್ಚಿ ಯಾರು ಕೊಡಿಸಬೇಕು ಅನ್ನೋದು ಕೊನೆಗೆ ಇರಲಿ. ಮೊದಲು ನಿಮ್ಮ ಪ್ರಶ್ನೆಯ ಗಟ್ಟಿ ಭಾಗಕ್ಕೆ ಉತ್ತರ ಹೇಳಿಬಿಡುತ್ತೇನೆ. ಇವು ಎರಡು ಬೇರೆ ಬೇರೆ ಪದಗಳು. ಗಾಡಿಯ ಬಸ್ಸು ಲ್ಯಾಟಿನ್ ಮೂಲದ್ದು, ಫ್ರಾನ್ಸ್ ಇಂಗ್ಲೆಂಡ್ ಸುತ್ತಿಕೊಂಡು ಬಂದದ್ದು. "ಸಾಕು" ಅನ್ನೋ ಬಸ್ ಪಾರ್ಸಿಯದ್ದು, ಅಂದ್ರೆ ಇರಾನಿನ ಭಾಷೆಯದ್ದು, ಉರ್ದು ಹಾದಿ ಹಿಡಿದು ಬಂದದ್ದು. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಎರಡೂ ಒಬ್ಬನೇ ಕಂಡಕ್ಟರ್ ಬಾಯಲ್ಲಿ ಕೂಡಿಕೊಂಡವು, ಅಷ್ಟೇ.

ಗಿಡ್ಡ ಪದಗಳ ತಾಪತ್ರಯವೇ ಇದು. "ಹಗರಿಬೊಮ್ಮನಹಳ್ಳಿ" ಅನ್ನೋ ಹೆಸರು ಇನ್ನೊಂದು ಭಾಷೆಯಲ್ಲಿ ತಾನಾಗಿ ಹುಟ್ಟೋದು ಸಾಧ್ಯವೇ ಇಲ್ಲ. ಆದರೆ ಬ, ಅ, ಸ ಮೂರೇ ಸದ್ದು ಇರುವ ಪದ ಹತ್ತು ಭಾಷೆಯಲ್ಲಿ ಹತ್ತು ಸಲ ಹುಟ್ಟಬಹುದು, ಹುಟ್ಟಿದೆ ಕೂಡ. ಹಂಗಾಗಿ ಕಿವಿಗೆ ಒಂದೇ ಥರ ಕೇಳಿಸಿತು ಅಂತ ನೆಂಟಸ್ತಿಕೆ ಕಟ್ಟಬಾರದು. ಪದ ಮೊದಲು ಉದ್ದವಿದ್ದಾಗ ಹೇಗಿತ್ತು, ಯಾವ ಕಾಲಕ್ಕೆ ಯಾರ ಬಾಯಲ್ಲಿತ್ತು ಅಂತ ಹಿಂದಕ್ಕೆ ಹೋಗಿ ನೋಡಬೇಕು.

ಮೊದಲು ಗಾಡಿ ಹಿಡಿಯೋಣ.

ಲ್ಯಾಟಿನ್‌ನಲ್ಲಿ "ಓಮ್ನಿಸ್" ಅಂದ್ರೆ ಎಲ್ಲ. "ಓಮ್ನಿಬಸ್" ಅಂದ್ರೆ ಎಲ್ಲರಿಗೆ. ಶಾಲೆಯಲ್ಲಿ ವಿಭಕ್ತಿ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಉ, ಅನ್ನು, ಇಂದ, ಗೆ. ಆ ನಾಲ್ಕನೆಯದು, ಚತುರ್ಥಿ, ಅದೇ ಇಲ್ಲಿರೋದು. "ಓಮ್ನಿ" ಅನ್ನೋದು "ಎಲ್ಲ", "ಬಸ್" ಅನ್ನೋದು "ರಿಗೆ". ಈಗ ಜನ ಮಾಡಿದ್ದೇನು ನೋಡಿ. ಅರ್ಥ ಇದ್ದ ತಲೆಯನ್ನ ಕಡಿದು ಬಿಸಾಕಿ, ಬರೀ ಪ್ರತ್ಯಯದ ಬಾಲವನ್ನ ಇಟ್ಟುಕೊಂಡರು. ನಮ್ಮಲ್ಲಿ ಯಾರೋ ಒಂದು ಗಾಡಿಗೆ "ಎಲ್ಲರಿಗೆ" ಅಂತ ಹೆಸರಿಟ್ಟರು ಅಂದುಕೊಳ್ಳಿ. ಆಮೇಲೆ ಜನ "ಎಲ್ಲ" ಬಿಟ್ಟು "ರಿಗೆ" ಅಂತ ಕರೆಯೋಕೆ ಶುರುಮಾಡಿದರು. "ಮಸ್ಕಿ ರಿಗೆ ಬಂತೇನ್ರಿ?" "ಈಗ ಹೋತು, ಮುಂದಿನ ರಿಗೆ ಹತ್ರಿ." ಕೇಳೋಕೆ ಹುಚ್ಚುಹುಚ್ಚಾಗಿದೆ, ಆದರೆ ಬಸ್ ಅಂದಾಗಲೆಲ್ಲ ನಾವು ಹೇಳುತ್ತಿರೋದು ಇದನ್ನೇ.

ಇನ್ನೊಂದು ಮಜಾ ಇದೆ. "ಬಸ್ಸಿಗೆ ಹೋದ" ಅಂತೀವಲ್ಲ, ಅದರಲ್ಲಿ ಎರಡು ಚತುರ್ಥಿ ಇವೆ. ಲ್ಯಾಟಿನ್ನಿನ "ಗೆ" ಮೇಲೆ ಕನ್ನಡದ "ಗೆ".

ಪದ ಕತ್ತರಿಸೋದು ನಮಗೇನು ಹೊಸದಲ್ಲ. ಬಸವರಾಜ ಬಸ್ಯಾ ಆಗುತ್ತಾನೆ, ಹುಲುಗಪ್ಪ ಹುಲ್ಗ್ಯಾ, ಮಲ್ಲಿಕಾರ್ಜುನ ಮಲ್ಲು. ಆದರೆ ನಾವು ತಲೆ ಉಳಿಸಿ ಬಾಲ ಕತ್ತರಿಸುತ್ತೇವೆ. ಬಸವರಾಜನನ್ನ ಯಾರೂ ಬರೀ "ರಾಜ್ಯಾ" ಅನ್ನಲ್ಲ, ಅಂದರೆ ಬೇರೆ ಯಾರೋ ತಿರುಗಿ ನೋಡುತ್ತಾರೆ. ಇಂಗ್ಲಿಷ್‌ನಲ್ಲೂ ಜಾಸ್ತಿ ಹಿಂಗೇ: ಎಕ್ಸಾಮ್, ಲ್ಯಾಬ್, ಆಟೋ. ತಲೆ ಹಾರಿಸಿ ಬಾಲ ಉಳಿಸಿಕೊಂಡ ಪದಗಳು ಕಡಿಮೆ. ಟೆಲಿಫೋನ್ ಹೋಗಿ ಫೋನ್ ಆಯಿತು, ಕ್ಯಾರವಾನ್ ಹೋಗಿ ವ್ಯಾನ್ ಆಯಿತು. ಈ ಕ್ಯಾರವಾನ್ ಕೂಡ ಪಾರ್ಸಿಯ "ಕಾರ್‌ವಾನ್", ಒಂಟೆ ಸಾಲು. ಬಸ್ಸು ಇದೇ ಗುಂಪಿನದು. ಆದರೆ ಫೋನ್ ಅಂದ್ರೆ ಗ್ರೀಕ್‌ನಲ್ಲಿ ದನಿ ಅನ್ನೋ ಅರ್ಥವಾದರೂ ಇದೆ. ಬಸ್ಸಿಗೆ ಅದೂ ಇಲ್ಲ.

ಕಡಿದ ತಲೆ ಏನಾಯಿತು ಅಂತ ಕೇಳ್ತೀರಾ? ಅದೂ ನಮ್ಮ ರಸ್ತೆ ಮೇಲೇ ಓಡಾಡಿದೆ. ಮಾರುತಿಯವರು 1984ರಲ್ಲಿ ಒಂದು ವ್ಯಾನ್ ತಂದರು, ಮುಂದೆ ಅದಕ್ಕೆ ಓಮ್ನಿ ಅಂತ ಹೆಸರಾಯಿತು, 2019ರವರೆಗೆ ತಯಾರಾಯಿತು. ಶಾಲೆ ಮಕ್ಕಳನ್ನ ತುಂಬಿಕೊಂಡು, ಮದುವೆ ಸಾಮಾನು ಹೇರಿಕೊಂಡು ಅದು ಹೋಗದ ಹಳ್ಳಿ ಇಲ್ಲ. ರಾಯಚೂರು ರಸ್ತೆಯಲ್ಲಿ ಓಮ್ನಿ ಹಿಂದೆ ಬಸ್ಸು ನಿಂತಿದ್ದರೆ ಲ್ಯಾಟಿನ್ ಪದ ಪೂರ್ತಿ ಆಯಿತು ಅನ್ನಿ. ತಮಿಳುನಾಡಿನಲ್ಲಿ ಇವತ್ತಿಗೂ ದೂರದ ಊರಿಗೆ ಓಡುವ ಖಾಸಗಿ ಬಸ್ಸಿಗೆ "ಆಮ್ನಿ ಬಸ್" ಅಂತಾರೆ. ಅಲ್ಲಿ ತಲೆ ಬಾಲ ಜೋಡಿಸಿಯೇ ಇಟ್ಟುಕೊಂಡಿದ್ದಾರೆ.

ಈಗ ಇದನ್ನ ನಿಮ್ಮ ಮಾವನವರಿಗೆ ಓದಿ ಹೇಳಿ, ಖುಷಿಪಡುತ್ತಾರೆ. ಲ್ಯಾಟಿನ್ನಿನ ಈ "ಬಸ್" ಪ್ರತ್ಯಯಕ್ಕೆ ಸಂಸ್ಕೃತದಲ್ಲಿ ಒಬ್ಬ ಅಣ್ಣ ಇದ್ದಾನೆ. "ಶ್ರೀ ಗುರುಭ್ಯೋ ನಮಃ" ಅಂತ ದಿನಾ ಕೇಳುತ್ತೀರಲ್ಲ. ಗುರುಗಳಿಗೆ ನಮಸ್ಕಾರ. ಅದರಲ್ಲಿ "ಗಳಿಗೆ" ಅನ್ನೋ ಕೆಲಸ ಮಾಡೋದು "ಭ್ಯಃ". ಲ್ಯಾಟಿನ್ನೂ ಸಂಸ್ಕೃತವೂ ಒಂದೇ ಹಳೆಯ ಮನೆತನದಿಂದ ಒಡೆದುಬಂದ ಭಾಷೆಗಳು. ಸಂಸ್ಕೃತದ ಬಹುವಚನದ ಚತುರ್ಥಿ "ಭ್ಯಃ", ಲ್ಯಾಟಿನ್ನಿನ ಬಹುವಚನದ ಚತುರ್ಥಿ "ಬಸ್". ಎರಡೂ ಒಂದೇ ಬೇರು. "ಓಮ್ನಿಬಸ್" ಅನ್ನೋದನ್ನ ಸಂಸ್ಕೃತಕ್ಕೆ ತಿರುಗಿಸಿದರೆ "ಸರ್ವೇಭ್ಯಃ" ಆಗುತ್ತದೆ. ಹಂಗಂತ ಬಸ್ಸು ಸಂಸ್ಕೃತದಿಂದ ಬಂತು ಅಂತ ನಾಳೆ ಎಲ್ಲಾದರೂ ಬರೆದುಬಿಟ್ಟೀರಿ, ಬೇಡ. ಅಣ್ಣತಮ್ಮಂದಿರು ಬೇರೆ, ಅಪ್ಪ ಮಗ ಬೇರೆ.

ಇನ್ನು ಈ ಹೆಸರು ಗಾಡಿಗೆ ಅಂಟಿದ್ದು ಹೇಗೆ? ಫ್ರಾನ್ಸಿನ ನಾಂತ್ ಅನ್ನೋ ಊರು, 1826. ಸ್ಟಾನಿಸ್ಲಾಸ್ ಬೋದ್ರಿ ಅಂತ ಒಬ್ಬ ಊರ ಅಂಚಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಗಿರಣಿಯಲ್ಲಿ ಬಿಸಿನೀರು ಸುಮ್ನೆ ಹರಿದುಹೋಗುತ್ತಿತ್ತು. ಅದನ್ನೇ ಬಳಸಿ ಒಂದು ಸ್ನಾನದ ಮನೆ ತೆರೆದ. ಸ್ನಾನಕ್ಕೆ ಗಿರಾಕಿ ಬರಬೇಕಲ್ಲ, ಊರ ನಡುವಿನಿಂದ ಅಲ್ಲಿಗೆ ಒಂದು ಕುದುರೆ ಗಾಡಿ ಬಿಟ್ಟ. ಗಾಡಿ ತುಂಬುತ್ತಿತ್ತು, ಸ್ನಾನದ ಮನೆ ತುಂಬಲಿಲ್ಲ. ನೋಡಿದರೆ ಜನ ನಡುದಾರಿಯಲ್ಲೇ ತಮ್ಮ ತಮ್ಮ ಕೆಲಸಕ್ಕೆ ಇಳಿದುಹೋಗುತ್ತಿದ್ದರು! ಬೋದ್ರಿ ಬುದ್ಧಿವಂತ. ಸ್ನಾನ ಬಿಟ್ಟು ಗಾಡಿ ಹಿಡಿದ. ಎರಡು ವರ್ಷದಲ್ಲಿ, 1828ಕ್ಕೆ, ಪ್ಯಾರಿಸ್‌ನಲ್ಲೂ ಗಾಡಿ ಬಿಟ್ಟ. ಹೆಸರಿನ ಬಗ್ಗೆ ಒಂದು ಕತೆ ಹೇಳುತ್ತಾರೆ: ಗಾಡಿ ನಿಲ್ಲುವ ಜಾಗದಲ್ಲಿ ಓಮ್ನೆಸ್ ಅನ್ನೋನ ಟೋಪಿ ಅಂಗಡಿ ಇತ್ತು, ತನ್ನ ಹೆಸರಿನ ಮೇಲೆ ಆಟ ಆಡಿ ಅವನು "ಓಮ್ನೆಸ್ ಓಮ್ನಿಬಸ್" ಅಂತ ಬೋರ್ಡು ಹಾಕಿಸಿದ್ದ, ಜನ ಅದನ್ನೇ ಗಾಡಿಗೆ ಅಂಟಿಸಿದರು ಅಂತ. ಕತೆ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವ ಕತೆಯನ್ನ ನಾನು ಪೂರಾ ನಂಬಲ್ಲ. ಟೋಪಿ ಅಂಗಡಿ ಇದ್ದರೂ ಇಲ್ಲದಿದ್ದರೂ ಪದ ಲ್ಯಾಟಿನ್ನಿನದೇ, ಅರ್ಥ "ಎಲ್ಲರಿಗೆ" ಅನ್ನೋದೇ.

"ಎಲ್ಲರಿಗೆ" ಅನ್ನೋದು ಸಣ್ಣ ಮಾತಲ್ಲ. ಇದಕ್ಕೂ ಮೊದಲು, 1662ರಲ್ಲಿ, ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ ಪ್ಯಾರಿಸ್‌ನಲ್ಲಿ ಇಂಥದ್ದೇ ಗಾಡಿ ಬಿಡಿಸಿದ್ದ. ಗೊತ್ತಾದ ದಾರಿ, ಗೊತ್ತಾದ ಹೊತ್ತು, ತಲೆಗೆ ಐದು ಸೋಲ್ (ಆಗಿನ ಫ್ರಾನ್ಸಿನ ಚಿಲ್ಲರೆ ನಾಣ್ಯ) ಚಾರ್ಜು. ಆದರೆ ಸೈನಿಕರು, ಆಳುಕಾಳುಗಳು, ಕೂಲಿಯವರು ಹತ್ತುವಂತಿಲ್ಲ ಅಂತ ನ್ಯಾಯಸಭೆ ಕಟ್ಟು ಹಾಕಿತು. ಕೆಲವು ವರ್ಷಕ್ಕೆ ಗಾಡಿಯೇ ನಿಂತಿತು. ನಮ್ಮ ಕೊಪ್ಪಳ, ಯಲಬುರ್ಗಾ ಬಸ್ಸಿನಲ್ಲಿ ಕೂಲಿಯವರನ್ನ ಇಳಿಸಿದರೆ ಉಳಿಯೋದು ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರೇ.

ಲಂಡನ್ನಿಗೆ ಗಾಡಿ ಬಂದದ್ದು 1829ರ ಜುಲೈ 4ಕ್ಕೆ. ಜಾರ್ಜ್ ಶಿಲಿಬಿಯರ್ ಅನ್ನೋನು ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್‌ವರೆಗೆ ಓಡಿಸಿದ. ಮೂರು ಕುದುರೆ, 22 ಜನಕ್ಕೆ ಜಾಗ. ಎತ್ತಲ್ಲ, ಕುದುರೆ. ಅಲ್ಲಿ ಮೂರ್ನಾಲ್ಕು ವರ್ಷದೊಳಗೇ ಜನ ಓಮ್ನಿಬಸ್ ಅನ್ನೋದನ್ನ ಕತ್ತರಿಸಿ ಬಸ್ ಅಂದರು. ಬಹಳ ದಿನ ಬರೆಯುವಾಗ ಮುಂದೊಂದು ಅಲ್ಪವಿರಾಮದಂಥ ಚಿಹ್ನೆ ಹಾಕುತ್ತಿದ್ದರು, ಇಲ್ಲೊಂದು ತಲೆ ಇತ್ತು ಅನ್ನೋ ಗುರುತಿಗೆ. ಆಮೇಲೆ ಅದೂ ಹೋಯಿತು.

ಇಲ್ಲಿಗೆ ನಿಮ್ಮ ವಾದ ಬಿತ್ತು ನೋಡಿ. ಬೇಜಾರಾಗಬೇಡಿ. ರಾಯಚೂರು, ಕೊಪ್ಪಳ ಆಗ ನಿಜಾಮರ ರಾಜ್ಯದಲ್ಲಿದ್ದವು. ಆ ಸರ್ಕಾರದ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆ ಬಸ್ಸು ಓಡಿಸೋಕೆ ಶುರುಮಾಡಿದ್ದು 1932ರಲ್ಲಿ, 27 ಗಾಡಿಗಳಿಂದ. ಅಷ್ಟೊತ್ತಿಗೆ ಲಂಡನ್ನಿನಲ್ಲಿ "ಬಸ್" ಅನ್ನೋ ಪದಕ್ಕೆ ನೂರು ವರ್ಷ ತುಂಬಿತ್ತು. ಉರ್ದು ಗೊತ್ತಿದ್ದ ನಮ್ಮ ಕಂಡಕ್ಟರ್ ಬಾಗಿಲು ಬಡಿಯುವ ಮೊದಲೇ ಗಾಡಿಗೆ ಹೆಸರಿತ್ತು.

ಈಗ ನಿಮ್ಮ ಮಗನ ಮಾತು. ನಗಬಾರದಿತ್ತು ನೀವು.

ಶಕ್ತಿನಗರದ ಸ್ಥಾವರದಲ್ಲಿ ಎಂಟು ಘಟಕಗಳಿವೆ, ಒಟ್ಟು 1,720 ಮೆಗಾವ್ಯಾಟ್. ಒಂದು ಯಂತ್ರದಿಂದ ಬಂದ ಕರೆಂಟನ್ನ ನೇರವಾಗಿ ಒಂದೇ ಊರಿಗೆ ತಂತಿ ಎಳೆದು ಕಳಿಸೋದಿಲ್ಲ. ದಪ್ಪ ತಾಮ್ರದ ಇಲ್ಲವೇ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ. ಬರುವ ಕರೆಂಟೆಲ್ಲ ಆ ಪಟ್ಟಿಗೆ ಬಂದು ಸೇರುತ್ತದೆ, ಹೋಗುವ ಲೈನುಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಬಸ್ ಸ್ಟ್ಯಾಂಡ್ ಇದ್ದಂಗೆ ಅಂದುಕೊಳ್ಳಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರೆಂಟಿನ ಕೆಲಸ ಹೊಸದಾಗಿದ್ದಾಗ ಎಂಜಿನಿಯರ್‌ಗಳು ಆ ಪಟ್ಟಿಗೆ ಇಟ್ಟ ಹೆಸರು "ಓಮ್ನಿಬಸ್ ಬಾರ್", ಅಂದ್ರೆ ಎಲ್ಲದಕ್ಕೂ ಆಗುವ ಪಟ್ಟಿ. ಗಾಡಿಗೆ ಆದದ್ದೇ ಇದಕ್ಕೂ ಆಯಿತು. ತಲೆ ಹಾರಿತು, ಬಸ್‌ಬಾರ್ ಉಳಿಯಿತು. ಕುಡತಿನಿಯ ಬಳ್ಳಾರಿ ಸ್ಥಾವರಕ್ಕೆ ಹೋದರೂ ಇದೇ ಮಾತು ಕೇಳುತ್ತೀರಿ.

ಕಂಪ್ಯೂಟರಿನವರು ಇದನ್ನ ಕರೆಂಟಿನವರಿಂದ ಎತ್ತಿಕೊಂಡರು. ಒಳಗಿನ ಭಾಗಗಳೆಲ್ಲ ಒಟ್ಟಿಗೆ ಬಳಸುವ ತಂತಿಗಳ ಸಾಲಿಗೆ ಅವರೂ ಬಸ್ ಅಂದರು. 1996ರಲ್ಲಿ ಯುಎಸ್‌ಬಿ ಬಂತು. ಅದರ ಕೊನೆಯ "ಬಿ" ಏನು ಗೊತ್ತಾ? ಬಸ್. ನಿಮ್ಮ ಫೋನ್ ಚಾರ್ಜ್ ಮಾಡುವ ವೈರಿನ ತುದಿಯಲ್ಲಿ ಎರಡು ಸಾವಿರ ವರ್ಷ ಹಳೆಯ ಚತುರ್ಥಿ ವಿಭಕ್ತಿ ಕೂತಿದೆ, ಅದೂ ಈಗ ಒಂದೇ ಅಕ್ಷರಕ್ಕೆ ಇಳಿದಿದೆ. ಆಕಾಶದಲ್ಲಿ ಏರ್‌ಬಸ್, ನೆಲದ ಮೇಲೆ ಮಿನಿಬಸ್, ಹಿಂಗೆ ಬಾಲವೇ ಬೆಳೆದು ಒಂದು ಪೂರ್ಣ ಪದವಾಗಿ ಎಲ್ಲದರ ಜೊತೆ ಜೋಡಿಯಾಗುತ್ತಿದೆ.

ಇನ್ನು "ಸಾಕು" ಅನ್ನೋ ಬಸ್. ನನಗೆ ನಿಜಕ್ಕೂ ಪ್ರೀತಿ ಇರೋದು ಇದರ ಮೇಲೆ.

ನಮ್ಮ ಕಡೆ ಇದನ್ನ ಎಷ್ಟು ಥರ ಬಳಸುತ್ತೇವೆ ಅಂತ ಒಂದು ದಿನ ಸುಮ್ನೆ ಕಿವಿಗೊಟ್ಟು ಕೇಳಿ. ಒಗ್ಗರಣಿ ಬಡಿಸುವಾಗ ತಟ್ಟೆ ಮೇಲೆ ಕೈ ಅಡ್ಡ ಹಿಡಿದು "ಬಸ್ ಬಸ್, ಸಾಕ್ರಿ" ಅಂತೀವಿ. ಇಲ್ಲಿ ಪಾರ್ಸಿ, ಕನ್ನಡ ಎರಡೂ ಪದ ಬೇಕು, ಒಂದಕ್ಕೆ ಬಡಿಸುವವರು ನಿಲ್ಲಿಸೋದಿಲ್ಲ. "ಹತ್ ರೂಪಾಯಿ ಬಸ್" ಅಂದ್ರೆ ಹತ್ತೇ ರೂಪಾಯಿ, ಜಾಸ್ತಿ ಇಲ್ಲ. "ಅಷ್ಟ್ ಅಂದ, ಬಸ್, ಎದ್ದ್ ಹೋದ" ಅಂದ್ರೆ ಮಾತು ಅಲ್ಲಿಗೆ ಮುಗಿಯಿತು, ಇದ್ದಕ್ಕಿದ್ದಂತೆ ಎದ್ದ. "ಬಸ್ ಮಾಡೋ ಮಾರಾಯಾ" ಅಂದ್ರೆ ನಿಲ್ಲಿಸು. ಆದರೆ "ಮದುವಿಗೆ ಬಸ್ ಮಾಡಿದ್ವಿ" ಅಂದ್ರೆ ಬಾಡಿಗೆಗೆ ಗಾಡಿ ಹಿಡಿದೆವು! ಅದೇ ಎರಡು ಪದ, ಆದರೂ ಯಾರೂ ತಪ್ಪು ತಿಳಿಯಲ್ಲ.

ತಪ್ಪು ಯಾಕೆ ತಿಳಿಯಲ್ಲ ಅಂದರೆ ಕನ್ನಡ ಈ ಎರಡನ್ನೂ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದೆ. ಗಾಡಿಗೆ ನಾವು ಕೊನೆಯಲ್ಲಿ ಉಕಾರ ಕೊಟ್ಟೆವು, ಬಸ್ಸು ಆಯಿತು. ವಿಭಕ್ತಿ ಕೊಟ್ಟೆವು, ಬಸ್ಸಿನಲ್ಲಿ, ಬಸ್ಸಿಂದ. ಬಹುವಚನ ಕೊಟ್ಟೆವು, ಬಸ್ಸುಗಳು. ಪೂರಾ ಮನೆಮಗ. "ಸಾಕು" ಅನ್ನೋ ಬಸ್ಸಿಗೆ ಇದ್ಯಾವುದೂ ಇಲ್ಲ. "ಬಸ್ಸು, ಬಸ್ಸು, ಇನ್ನ ಬಡಿಸಬ್ಯಾಡ್ರಿ" ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ನಾನು ಕೇಳಿಲ್ಲ. ಅದು ಬಂದಾಗ ಹೇಗಿತ್ತೋ ಹಾಗೇ ಇದೆ.

ಅದು ಬಂದದ್ದು ಎಲ್ಲಿಂದ? ಬಹಮನಿ, ಆದಿಲ್‌ಶಾಹಿ ಕಾಲದಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಿನ ಈ ದೋಆಬಿನ ದಫ್ತರಿನಲ್ಲಿ ಪಾರ್ಸಿ ಇತ್ತು, ನಿಜಾಮರ ಕಾಲದಲ್ಲಿ ಮುಂದೆ ಉರ್ದು ಬಂತು. ಬಳ್ಳಾರಿ 1800ರಲ್ಲೇ ನಿಜಾಮರ ಕೈಯಿಂದ ಇಂಗ್ಲಿಷ್ ಕಂಪನಿಗೆ ಹೋಯಿತು, ಆದರೂ ಅಲ್ಲಿನ ಪೇಟೆಯಲ್ಲೂ ಈ ಬಸ್ ಚಲಾವಣೆಯಲ್ಲಿದೆ. ಪದಗಳು ಗಡಿ ನೋಡಿ ನಿಲ್ಲುವುದಿಲ್ಲವಲ್ಲ. ಬರೋಬರಿ, ಜಾಸ್ತಿ, ದವಾಖಾನಿ, ಇವೆಲ್ಲ ಇದೇ ಹಾದಿಯಲ್ಲಿ ಬಂದ ಸರಕು.

ಪಾರ್ಸಿಯಲ್ಲಿ ಹಿಂದಕ್ಕೆ ಹೋದರೆ, ಇಸ್ಲಾಂಗೆ ಮುಂಚಿನ ನಡುಗಾಲದ ಪಾರ್ಸಿಯಲ್ಲಿ ಇದು "ವಸ್". ಅರ್ಥ ಬಹಳ, ಬೇಕಾದಷ್ಟು. ಇನ್ನೂ ಹಿಂದೆ ಹೋದರೆ "ವಸಿಯ್". ದೊರೆ ದಾರಯವಹು, ಇಂಗ್ಲಿಷ್‌ನವರು ಡರಾಯಸ್ ಅನ್ನೋನು, ಕ್ರಿಸ್ತನಿಗೆ ಐನೂರು ವರ್ಷಕ್ಕೂ ಹಿಂದೆ ಇರಾನಿನ ಬೆಹಿಸ್ತೂನ್ ಬೆಟ್ಟದ ಬಂಡೆ ಮೇಲೆ ತನ್ನ ಯುದ್ಧಗಳ ವರದಿ ಕೆತ್ತಿಸಿದ. ಅದರಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ದಂಗೆ ಎದ್ದ ಸೈನ್ಯವನ್ನ ನನ್ನ ಸೈನ್ಯ "ವಸಿಯ್" ಹೊಡೆಯಿತು, ಅಂದ್ರೆ ಬೇಕಾದಷ್ಟು ಹೊಡೆಯಿತು, ಚೆನ್ನಾಗಿ ಬಡಿಯಿತು. ಮಂಡ್ಯ ಕಡೆಯವರು ಇದನ್ನ ಓದಿದರೆ ಗೊಂದಲವಾಗುತ್ತದೆ. ಅವರಲ್ಲಿ "ವಸಿ" ಅಂದ್ರೆ ಸ್ವಲ್ಪ! ಸದ್ದು ಹೆಚ್ಚುಕಡಿಮೆ ಒಂದೇ, ಅರ್ಥ ಪೂರಾ ಉಲ್ಟಾ, ಸಂಬಂಧ ಸೊನ್ನೆ.

ಆದರೆ ಸಂಬಂಧ ಇರುವ ಪದ ಒಂದಿದೆ. ಅದು ದಿನಾ ನಮ್ಮ ಪೇಪರಿನಲ್ಲಿ ಬರುತ್ತದೆ: "ಆರೋಪಿ ಪೊಲೀಸ್ ವಶಕ್ಕೆ." ಈ "ವಶ"ವೂ ಆ "ವಸಿಯ್" ಕೂಡ ಒಂದೇ ಬೇರಿನವು. ಬೇರಿನ ಅರ್ಥ ಬಯಸು, ಇಚ್ಛೆಪಡು. ಇರಾನ್ ಕಡೆ ಅದು "ಇಚ್ಛೆ ಬಂದಷ್ಟು" ಆಯಿತು, ಆಮೇಲೆ "ಬಹಳ" ಆಯಿತು, ಆಮೇಲೆ "ಸಾಕಷ್ಟು", ಕೊನೆಗೆ ಬರೀ "ಸಾಕು". ಭಾರತದ ಕಡೆ "ಇಚ್ಛೆ" ಅನ್ನೋದು "ಒಬ್ಬರ ಇಚ್ಛೆಗೆ ಒಳಪಟ್ಟಿದ್ದು" ಆಯಿತು, ಅಂದ್ರೆ ಹಿಡಿತ, ವಶ. ಬಯಕೆಯಿಂದ "ಬಹಳ" ಹೇಗೆ ಹುಟ್ಟುತ್ತದೆ ಅಂತ ಅನುಮಾನ ಇದ್ದರೆ ನಿಮ್ಮ ಮನೆಯ ಕನ್ನಡವನ್ನೇ ಕೇಳಿ. "ಬೇಕು" ಅಂದ್ರೆ ಬಯಕೆ. "ಬೇಕಾದಷ್ಟು ಐತಿ" ಅಂದ್ರೆ? ಬಹಳ ಇದೆ. ಅದೇ ದಾರಿ, ನಾವೂ ನಡೆದಿದ್ದೇವೆ.

ವ ಹೋಗಿ ಬ ಬಂದದ್ದು ಹೇಗೆ ಅಂತ ಮಾಸ್ತರು ಕೇಳೇ ಕೇಳುತ್ತಾರೆ. ಪಾರ್ಸಿಯಲ್ಲಿ ಪದದ ಮೊದಲಿನ ವ ಎಷ್ಟೋ ಕಡೆ ಬ ಆಗಿದೆ. ಸಂಸ್ಕೃತದ ವಾತ, ಅಂದ್ರೆ ಗಾಳಿ, ಅದರ ಪಾರ್ಸಿ ಜೋಡಿ ಬಾದ್. ವಿಂಶತಿ, ಅಂದ್ರೆ ಇಪ್ಪತ್ತು, ಅದರ ಜೋಡಿ ಬೀಸ್ತ್. ನಮಗೆ ಇದು ಆಶ್ಚರ್ಯ ಆಗಬಾರದು, ಯಾಕಂದ್ರೆ ಕನ್ನಡವೂ ಇದೇ ಕೆಲಸ ಮಾಡಿದೆ. ತಮಿಳರು ವಾ ಅಂದ್ರೆ ನಾವು ಬಾ, ಅವರು ವಾಯ್ ಅಂದ್ರೆ ನಾವು ಬಾಯಿ. ಸಂಸ್ಕೃತದ ವರ್ಣ ನಮ್ಮಲ್ಲಿ ಬಣ್ಣ, ವಸತಿ ನಮ್ಮಲ್ಲಿ ಬಸದಿ.

ಹಿಂದಿಯವರು ಮಾಡಿದ ಕಿತಾಪತಿ ಇನ್ನೂ ಚೆನ್ನಾಗಿದೆ. ಅವರಲ್ಲಿ ಸಂಸ್ಕೃತದ ವಶ ಕೂಡ ಸವೆದು ಸವೆದು "ಬಸ್" ಆಯಿತು. "ಮೇರೆ ಬಸ್ ಕೀ ಬಾತ್ ನಹೀ", ಅಂದ್ರೆ ನನ್ನ ಕೈಲಾಗೋದಲ್ಲ. ಪಾರ್ಸಿಯಿಂದ ಬಂದ "ಬಸ್", ಸಾಕು, ಕೂಡ ಅಲ್ಲಿದೆ. ಸಾವಿರಾರು ವರ್ಷದ ಹಿಂದೆ ಇರಾನ್ ಒಂದು ಕಡೆ, ಭಾರತ ಒಂದು ಕಡೆ ಅಂತ ಬೇರೆಯಾದ ಒಂದೇ ಬೇರಿನ ಎರಡು ಕವಲು, ದೆಹಲಿ ಸೀಮೆಯಲ್ಲಿ ಮತ್ತೆ ಸಿಕ್ಕವು, ಒಂದೇ ರೂಪದಲ್ಲಿ, ಒಬ್ಬರಿಗೊಬ್ಬರ ಗುರುತೇ ಇಲ್ಲದೆ. ಅದರ ಮೇಲೆ ಇಂಗ್ಲಿಷ್ ಗಾಡಿಯೂ ಬಂತು. "ಬಸ್, ಬಸ್ ಹತ್ತೋದು ನನ್ನ ಬಸ್ ಕೀ ಬಾತ್ ಅಲ್ಲ" ಅಂತ ಹೈದರಾಬಾದಿನಲ್ಲಿ ದುಡಿದು ಬಂದ ನಮ್ಮ ಹುಡುಗರು ಕಲಬೆರಕೆ ಮಾಡಿ ಹೇಳಿದರೆ ಮೂರೂ ಅಲ್ಲಿವೆ.

ಈಗ ಬಸವನ ವಿಚಾರ. ಮಾವನವರ ಕಡೆಗೂ ಸ್ವಲ್ಪ ನ್ಯಾಯ ಸಲ್ಲಬೇಕು. ಬಸವ ಅನ್ನೋದು ಸಂಸ್ಕೃತದ ವೃಷಭ. ಪ್ರಾಕೃತದಲ್ಲಿ ವಸಹ ಆಗಿ, ಕನ್ನಡದಲ್ಲಿ ಬಸವ ಆಯಿತು. ಇಲ್ಲೂ ವ ಬ ಆಗಿದೆ, ಅದೊಂದನ್ನ ಅವರು ಸರಿಯಾಗಿ ಹಿಡಿದಿದ್ದಾರೆ ಅನ್ನಬಹುದು. ಎತ್ತಿನ ಬಂಡಿಯಲ್ಲಿ ಜನ ಓಡಾಡಿದ್ದೂ ನಿಜ, ಹುಲಿಗಿ ಜಾತ್ರೆಗೆ ನಮ್ಮ ಹಿರಿಯರು ಹಂಗೇ ಹೋಗುತ್ತಿದ್ದರು. ಆದರೆ ಎತ್ತಿನ ಗಾಡಿಯನ್ನ ನಾವು ಬಂಡಿ ಅಂದೆವು, ಚಕ್ಕಡಿ ಅಂದೆವು, ಬಸ್ ಅಂತ ಎಂದೂ ಕರೆಯಲಿಲ್ಲ. ಮೋಟಾರು ಬಂದ ಮೇಲೇ ಆ ಹೆಸರು ಬಂದದ್ದು, ಅದೂ ಬೋರ್ಡಿನ ಮೇಲೆ ಇಂಗ್ಲಿಷ್‌ನಲ್ಲಿ ಬರೆದುಕೊಂಡೇ ಬಂತು.

ಬೇರೆ ಭಾಷೆಗಳನ್ನೂ ಒಮ್ಮೆ ಸುತ್ತಿಬರೋಣ, ಬೇಗ. ನಮ್ಮ ಪಕ್ಕದ ತೆಲುಗಿನಲ್ಲಿ "ಬಸ" ಅಂದ್ರೆ ಇಳಿದುಕೊಳ್ಳುವ ಜಾಗ, "ಬಸ ಚೇಯು" ಅಂದ್ರೆ ತಂಗು. ಅದು ಸಂಸ್ಕೃತದ ವಾಸ ಮಾಡು ಅನ್ನೋ ಬೇರಿನದು, ನಮ್ಮ ಬಸದಿಯ ಹತ್ತಿರದ ನೆಂಟ. ಮರಾಠಿಯಲ್ಲಿ "ಬಸ್" ಅಂದ್ರೆ ಕೂತ್ಕೋ. ಪುಣೆಗೆ ದುಡಿಯೋಕೆ ಹೋದ ನಮ್ಮ ಕಡೆಯವರು "ಬಸ್‌ಮಧ್ಯೇ ಬಸ್" ಅಂದದ್ದು ಮೊದಲ ಸಲ ಕೇಳಿದರೆ ಬಸ್ಸಿನೊಳಗೆ ಇನ್ನೊಂದು ಬಸ್ಸು ಹುಡುಕಬೇಕು, ಪಾಪ. ಸಿಂಹಳದಲ್ಲಿ "ಬಸ" ಅಂದ್ರೆ ಮಾತು, ಭಾಷೆ ಅನ್ನೋದೇ ಸವೆದದ್ದು. ಟರ್ಕಿಯವರಿಗೆ "ಬಸ್" ಅಂದ್ರೆ ಒತ್ತು, ತುಳಿ. ಫ್ರೆಂಚರ "ಬಾ", ಬರೆಯೋದು ಬಿ ಎ ಎಸ್ ಅಂತಲೇ, ಅದರ ಅರ್ಥ ತಗ್ಗು. ಇಟಲಿಯವರು "ಬಾಸ್ತಾ" ಅಂದ್ರೆ ಸಾಕು ಅಂತ. ಇದನ್ನ ಕೇಳಿದವರೆಲ್ಲ ಪಾರ್ಸಿಯ ಬಸ್ಸಿಗೆ ಗಂಟು ಹಾಕುತ್ತಾರೆ, ಅರ್ಥವೂ ಕೂಡಿಬಂತಲ್ಲ ಅಂತ. ಗಂಟು ನಿಲ್ಲೋದಿಲ್ಲ. ಪಾರ್ಸಿಯದ್ದು ವಕಾರದಿಂದ ಶುರುವಾಗಿತ್ತು ಅಂತ ಆಗಲೇ ನೋಡಿದೆವು, ಇಟಲಿಯದ್ದಕ್ಕೆ ಆ ಇತಿಹಾಸವೇ ಇಲ್ಲ.

ಅರಬ್ಬರದು ಮಾತ್ರ ನಿಜವಾದ ನೆಂಟಸ್ತಿಕೆ. ಕೈರೋದಲ್ಲಿ, ಬೈರೂತ್‌ನಲ್ಲಿ ಆಡುಮಾತಿನಲ್ಲಿ "ಬಸ್" ಅಂದ್ರೆ ಸಾಕು, ಅಷ್ಟೇ, ಆದರೆ. ಇದು ಪಾರ್ಸಿಯಿಂದ ಹೋದದ್ದು. ದುಬೈಗೆ, ಸೌದಿಗೆ ಹೋಗಿ ಬಂದವರು ನಿಮ್ಮ ಓಣಿಯಲ್ಲೂ ಇರಬಹುದು, ಕೇಳಿ ನೋಡಿ. ಅಲ್ಲಿಂದ ಹಡಗಿನ ವ್ಯಾಪಾರದ ಜೊತೆ ಆಫ್ರಿಕದ ಪೂರ್ವ ಕರಾವಳಿಗೂ ಹೋಯಿತು. ಸ್ವಾಹಿಲಿ ಭಾಷೆಯಲ್ಲಿ "ಬಾಸಿ" ಅಂದ್ರೆ ಸಾಕು, ಸರಿ ಹಾಗಾದ್ರೆ. ಮತ್ತೆ "ಬಾಸಿ" ಅಂದ್ರೆ ಇನ್ನೇನು? ಬಸ್ಸು! ಇಂಗ್ಲಿಷ್ ಗಾಡಿ ಅಲ್ಲಿಗೂ ಹೋಯಿತು, ಪಾರ್ಸಿಯ ಪದದ ಪಕ್ಕದಲ್ಲೇ ಕೂತಿತು. ಅಂದ್ರೆ ನಿಮ್ಮ ಮನೆಯಲ್ಲಿ ನಡೆದ ಜಗಳ ಟಾಂಜಾನಿಯದ ಯಾವುದೋ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲೂ ನಡೆಯಬಹುದು, ಅಲ್ಲೂ ಯಾರೋ ಕಂಡಕ್ಟರ್ ಕೂಗಿದ್ದರಿಂದಲೇ ಹೆಸರು ಬಂತು ಅನ್ನಬಹುದು.

ಈಗ ಪಂದ್ಯ. ನಿಮ್ಮದು ತಪ್ಪು, ಆದರೆ "ಸಾಕು" ಅನ್ನೋ ಬಸ್ ಬೇರೊಂದು ಪದವಾಗಿ ಕಂಡಕ್ಟರ್ ಬಾಯಲ್ಲಿದೆ ಅನ್ನೋದು ನಿಜ. ಮಾವನವರದೂ ತಪ್ಪು, ವ-ಬ ವಿಚಾರಕ್ಕೆ ಅರ್ಧ ಮಾರ್ಕ್ಸ್ ಕೊಡಬಹುದು. ಪೂರ್ತಿ ಸರಿ ಹೇಳಿದ್ದು ನೀವಿಬ್ಬರೂ ನಕ್ಕುಬಿಟ್ಟ ಆ ಹುಡುಗ. ಮಿರ್ಚಿ ಅವನಿಗೆ, ರೊಕ್ಕ ನಿಮ್ಮಿಬ್ಬರದು. ಅವನು ಬಸ್ ಅನ್ನೋವರೆಗೂ ಹಾಕಿಸಿ.